ಸಮುದ್ರಕ್ಕೆ ಹೋಗುವವರಿಗೆ ಹದಿನಾಲ್ಕು ಸೂಚನೆಗಳು

ಹನ್ನೊಂದು ವರ್ಷಗಳಲ್ಲಿ ಅವಳು ಕಡಿಮೆಯೆಂದರೂ ನಾಲ್ಕು ಸಾವಿರ ಜನರನ್ನು ಸಮುದ್ರಕ್ಕೆ ಕಳಿಸಿದ್ದಳು. ತನ್ನ ಕಾಲಿನ ಹೆಬ್ಬೆರಳನ್ನು ಮಾತ್ರ ಒಮ್ಮೆಯೂ ಉಪ್ಪುನೀರಿಗೆ ತಾಗಿಸಿರಲಿಲ್ಲ.

ಪ್ರವಾಸ ಕಚೇರಿಯಲ್ಲಿ ಅವಳ ಮೇಜು ಕಿಟಕಿಯ ಪಕ್ಕಕ್ಕಿತ್ತು. ಕಿಟಕಿಯಾಚೆ ಇನ್ನೊಂದು ಕಟ್ಟಡದ ಗೋಡೆ. ಒಳಗಿನ ಗೋಡೆಯ ತುಂಬ ನೀಲಿ ನೀರು, ಬಿಳಿ ಮರಳು, ಬಾಗಿದ ತೆಂಗಿನ ಮರದ ಚಿತ್ರ. ಅದರ ಕೆಳಗೆ ಕೂತು ಅವಳು ಹಗಲಿಡೀ ಹೇಳಿದ್ದನ್ನೇ ಹೇಳುತ್ತಿದ್ದಳು. ಪಾಸ್‌ಪೋರ್ಟಿನ ಅವಧಿ ಆರು ತಿಂಗಳಾದರೂ ಉಳಿದಿರಲಿ. ಮಳೆಗಾಲದ ಅಂಚಿನಲ್ಲಿ ಹೋದರೆ ಜನ ಕಡಿಮೆ. ಕಾಗದಪತ್ರಗಳ ಇನ್ನೊಂದು ಪ್ರತಿ ಬೇರೆ ಚೀಲದಲ್ಲಿರಲಿ. ಸೊಳ್ಳೆಯ ಮುಲಾಮು ಮರೆಯಬೇಡಿ. ಹೀಗೆ ಹದಿನಾಲ್ಕು ಸೂಚನೆಗಳ ಒಂದು ಕರಪತ್ರವನ್ನೂ ಅವಳೇ ಬರೆದಿದ್ದಳು. ಅದರ ಕೆಳಗೆ ಅಚ್ಚಾಗಿದ್ದದ್ದು ಯಜಮಾನರ ಫೋಟೊ.

"ಅಲ್ಲಿ ಮರಳು ಕಾಲಿಗೆ ಅಂಟುತ್ತಾ ಮೇಡಂ? ನಮ್ಮೋರಿಗೆ ಅಂಟಿದ್ರೆ ಆಗಲ್ಲ" ಎಂದು ಯಾರೋ ಗೃಹಿಣಿ ಕೇಳುತ್ತಿದ್ದಳು.

"ಒದ್ದೆಯಾದರೆ ಸ್ವಲ್ಪ ಅಂಟುತ್ತೆ ಮೇಡಂ."

"ನೀವು ಹೋದಾಗ ಅಂಟಿತ್ತಾ?"

ಅವಳು ನಗುತ್ತಿದ್ದಳು. ಆ ನಗು ನಕ್ಕೂ ನಕ್ಕೂ ಸಂಜೆ ಹೊತ್ತಿಗೆ ದವಡೆ ನೋಯುತ್ತಿತ್ತು.

ದೂರದ ದ್ವೀಪವೊಂದರ ಹೋಟೆಲಿಗೆ ಅವಳು ಕಳಿಸಿದಷ್ಟು ಜನರನ್ನು ಇನ್ಯಾರೂ ಕಳಿಸಿರಲಿಲ್ಲ. ಅದಕ್ಕಾಗಿ ಆ ಹೋಟೆಲಿನವರು ನಾಲ್ಕು ವರ್ಷಗಳಿಂದ ಈ ಕಚೇರಿಗೆ ಒಂದು ವಾರದ ಉಚಿತ ವಾಸ್ತವ್ಯ ಕೊಡುತ್ತಿದ್ದರು. 'ಯೋಜನೆ ರೂಪಿಸಿದ ಸಿಬ್ಬಂದಿಗೆ' ಎಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿರುತ್ತಿತ್ತು. ನಾಲ್ಕು ವರ್ಷವೂ ಹೋಗಿಬಂದವನು ಯಜಮಾನರ ಭಾವಮೈದುನ. ಕಚೇರಿಯಲ್ಲಿ ಅವನಿಗಿದ್ದ ಒಂದೇ ಜವಾಬ್ದಾರಿ ಎಸಿಯ ರಿಮೋಟ್ ಕಾಯುವುದು. ಪ್ರತಿ ಸಲ ಸುಟ್ಟ ಮೂಗು ಹೊತ್ತುಕೊಂಡು ಬಂದು, ಅವಳ ಮೇಜಿನ ಮೇಲೊಂದು ಶಂಖ ಇಡುತ್ತಿದ್ದ. "ತಗೊಳಿ ಅಕ್ಕಾ, ಕಿವಿಗೆ ಹಿಡ್ಕೊಳಿ. ಸಮುದ್ರ ಕೇಳ್ಸುತ್ತೆ. ಖರ್ಚೇ ಇಲ್ಲ!"

ಕಳೆದ ವರ್ಷ ಅವಳು ಜೀವ ಕೈಯಲ್ಲಿ ಹಿಡಿದುಕೊಂಡು ಯಜಮಾನರನ್ನು ಕೇಳಿಯೇಬಿಟ್ಟಿದ್ದಳು. ಅವರು ಕನ್ನಡಕ ತೆಗೆದು ಒರೆಸಿದರು. "ನೀನು ಹೋದರೆ ಆಫೀಸು ಯಾರು ನೋಡ್ತಾರಮ್ಮಾ? ನೀನಿಲ್ದೆ ನನಗೆ ಇಲ್ಲಿ ಒಂದು ಕಡ್ಡಿ ಆಡ್ಸೋಕಾಗಲ್ಲ." ಹೊಗಳಿಕೆಯಲ್ಲೇ ಬಾಗಿಲು ಹಾಕುವ ಕಲೆ ಅವರಿಗೆ ಕರಗತ. ಅವಳು "ಸರಿ ಸರ್" ಎಂದು ಬಂದು ಕೂತಳು. ಎದುರುತ್ತರವೆಲ್ಲ ಅವಳಿಗೆ ಹೊಳೆಯುವುದು ಬಸ್ಸಿನಲ್ಲಿ, ಅದೂ ಇಳಿಯುವ ಹೊತ್ತಿಗೆ.

ಮನೆಯ ಬೀರುವಿನಲ್ಲಿ ಅವಳ ಪಾಸ್‌ಪೋರ್ಟ್ ಇತ್ತು. ಒಂಬತ್ತು ವರ್ಷದ ಹಿಂದೆ ಆಸೆಯಿಂದ ಮಾಡಿಸಿಕೊಂಡದ್ದು. ಅದರಲ್ಲಿ ಒಂದೇ ಒಂದು ಮುದ್ರೆ ಬಿದ್ದಿರಲಿಲ್ಲ. ಮುಂದಿನ ವರ್ಷಕ್ಕೆ ಅದರ ಆಯಸ್ಸೂ ಮುಗಿಯುವುದರಲ್ಲಿತ್ತು.

ಹೋಟೆಲಿನ ಈ ವರ್ಷದ ಪತ್ರ ಮೇಲ್‌ನಲ್ಲಿ ಬಂದಾಗ ಅವಳು ಒಬ್ಬಳೇ ಇದ್ದಳು. ಯಜಮಾನರಿಗೆ ಕಂಪ್ಯೂಟರಿನ ಪರದೆ ನೋಡಿದರೆ ತಲೆನೋವು. ಬಂದ ಪತ್ರಗಳನ್ನೆಲ್ಲ ಅವಳು ಮುದ್ರಿಸಿ ಮೇಜಿನ ಮೇಲಿಡಬೇಕು. ಅಂದರೆ ಅವಳು ಮುದ್ರಿಸಿಕೊಟ್ಟದ್ದೇ ಅವರ ಪಾಲಿನ ಲೋಕ. ಇಷ್ಟು ವರ್ಷ ಇದು ತನಗೆ ಹೊಳೆಯಲೇ ಇಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಆ ಮಧ್ಯಾಹ್ನ ಅವಳು ಎರಡು ಪತ್ರ ಬರೆದಳು. ಒಂದು ಯಜಮಾನರ ಹೆಸರಿನಲ್ಲಿ ಹೋಟೆಲಿಗೆ: ಈ ಸಲ ಬರುವವರು ನಮ್ಮ ಹಿರಿಯ ಸಿಬ್ಬಂದಿ. ಕೆಳಗೆ ತನ್ನ ಹೆಸರು, ಪಾಸ್‌ಪೋರ್ಟ್ ಸಂಖ್ಯೆ. ಇನ್ನೊಂದು ಹೋಟೆಲಿನ ಹೆಸರಿನಲ್ಲಿ ಯಜಮಾನರಿಗೆ: ಈ ಸವಲತ್ತನ್ನು ನಿಲ್ಲಿಸಲಾಗಿದೆಯೆಂದು ವಿಷಾದದಿಂದ ತಿಳಿಸುತ್ತೇವೆ. ಮೊದಲನೆಯದನ್ನು ಕಳಿಸಿ ಅಳಿಸಿದಳು. ಎರಡನೆಯದನ್ನು ಮುದ್ರಿಸಿ ಮೇಜಿನ ಮೇಲಿಟ್ಟಳು. ಸಿಕ್ಕಿಬಿದ್ದರೆ ಹೋಗುವುದು ಈ ಕೆಲಸವೊಂದೇ ಅಲ್ಲ. ಖೋಟಾ ಪತ್ರ ಬರೆದವಳನ್ನು ಊರಿನ ಯಾವ ಪ್ರವಾಸ ಕಚೇರಿಯೂ ಹೊಸ್ತಿಲು ತುಳಿಯಲು ಬಿಡುವುದಿಲ್ಲ. ಅವಳಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಇದೆಲ್ಲ ಗೊತ್ತಿದ್ದೂ ಅವಳು ಹಾಳೆಯ ಅಂಚು ಸರಿಮಾಡಿ ತನ್ನ ಜಾಗಕ್ಕೆ ಬಂದು ಕೂತಳು.

"ನೋಡಿದ್ಯಾ, ಕೆಲಸ ಆದ್ಮೇಲೆ ಕೈ ತೊಳ್ಕೊಂಡ್ರು" ಎಂದು ಯಜಮಾನರು ಮುಖ ಊದಿಸಿದರು.

"ನಾನು ಆಗಲೇ ಹೊಸ ಚಡ್ಡಿ ತಗೊಂಡಿದ್ದೆ ಭಾವಾ" ಎಂದ ಭಾವಮೈದುನ. ಅವನ ದನಿಯಲ್ಲಿದ್ದಷ್ಟು ದುಃಖವನ್ನು ಅವಳು ಅವನಲ್ಲಿ ಎಂದೂ ಕಂಡಿರಲಿಲ್ಲ.

ಇನ್ನು ಉಳಿದದ್ದು ಪ್ರವಾಸದ ಸಿದ್ಧತೆ. ಅದರಲ್ಲಿ ಅವಳನ್ನು ಮೀರಿಸುವವರು ಯಾರಿದ್ದರು? ಕಚೇರಿಗೆ ಗಿರಾಕಿಗಳು ಬಾರದ ವಾರವನ್ನೇ ಆರಿಸಿದಳು. ವಿಮಾನದ ಟಿಕೆಟನ್ನು ಊರಿನ ಇನ್ನೊಂದು ತುದಿಯ ಕೌಂಟರಿನಲ್ಲಿ ಕೊಂಡಳು. ಕಾಯಿಲೆಯ ಆಯ್ಕೆಗೆ ಮಾತ್ರ ನಾಲ್ಕು ದಿನ ಹಿಡಿಯಿತು. ಜ್ವರವೆಂದರೆ ಎರಡೇ ದಿನದ ಮಾತು. ಕಾಲು ಉಳುಕಿದರೆ ಆಟೋ ಕಳಿಸಿ ಕರೆಸಿಕೊಳ್ಳುತ್ತಾರೆ. ಕೊನೆಗೆ ಸೀತಾಳೆ ಸಿಡುಬು ಗೆದ್ದಿತು. ಯಜಮಾನರಿಗೆ ಚಿಕ್ಕಂದಿನಲ್ಲಿ ಅದು ಬಂದಿರಲಿಲ್ಲ. ಹಿಂದೊಮ್ಮೆ ಗಿರಾಕಿಯೊಬ್ಬರ ಮಗುವಿಗೆ ಆಗಿದೆಯೆಂದು ಕೇಳಿಯೇ ಅವರು ಅರ್ಧ ದಿನ ಸ್ಟೋರ್ ರೂಮಿನಲ್ಲಿ ಕೂತಿದ್ದರು. ಮನೆಗೆ ಯಾರೂ ಬರುವುದಿಲ್ಲ. ಬಿಸಿಲಿಗೆ ಚರ್ಮ ಸುಲಿದರೂ ಕಾಯಿಲೆಯ ಲೆಕ್ಕಕ್ಕೇ ಹೋಗುತ್ತದೆ.

ಮನೆಯಲ್ಲಿ ತನ್ನ ಜೊತೆಗೇ ಇದ್ದ ಅಕ್ಕನಿಗೆ ಅರ್ಧ ನಿಜ ಹೇಳಿದಳು: ಆಫೀಸಿನವರೇ ಕಳಿಸುತ್ತಿದ್ದಾರೆ.

"ಅಂತೂ ಇಂತೂ ಆ ಮಹಾನುಭಾವರ ಕಣ್ಣು ತೆರೀತು" ಎಂದಳು ಅಕ್ಕ. "ಯಾಕೆ ಮುಖ ಹಾಗಿಟ್ಕೊಂಡಿದೀಯ? ಹೋಗ್ತಿರೋದು ಸಮುದ್ರಕ್ಕೆ ಕಣೇ, ಸೆರೆಮನೆಗಲ್ಲ."

ಹೊರಡುವ ಎರಡು ದಿನ ಮೊದಲೇ ಅವಳು ಕಾಯಿಲೆ ಬಿದ್ದಳು. ಮನೆಯಿಂದಲೇ ಫೋನು ಮಾಡಿ, ಕಂಬಳಿಯ ಒಳಗಿನಿಂದ ನರಳಿದಳು. "ಚಿಕನ್‌ಪಾಕ್ಸ್ ಸರ್... ಮೈಯೆಲ್ಲ... ಸರ್ಟಿಫಿಕೇಟು ಅಕ್ಕನ ಕೈಲಿ ಕಳಿಸ್ಲಾ?"

"ಬೇಡ ಬೇಡ! ಅದನ್ನ ಮುಟ್ಟೋರು ಯಾರಮ್ಮಾ? ಎರಡು ವಾರ ಈ ಕಡೆ ತಲೆ ಹಾಕ್ಬೇಡ!" ಫೋನಿನಿಂದಲೂ ಅಂಟೀತೆಂದು ಅವರು ಅದನ್ನು ದೂರ ಹಿಡಿದಿದ್ದರೇನೋ, ದನಿ ಬಾವಿಯೊಳಗಿಂದ ಬಂದಂತಿತ್ತು.

ಫೋನಿನ ಬಗ್ಗೆ ಅವಳು ಎಲ್ಲಕ್ಕಿಂತ ಹೆಚ್ಚು ಯೋಚಿಸಿದ್ದಳು. ಆಫ್ ಮಾಡಿದರೆ ಅನುಮಾನ. ಆದ್ದರಿಂದ ಅದೇ ಸಂಖ್ಯೆ ಹೊರದೇಶದಲ್ಲೂ ನಡೆಯುವಂತೆ ಮಾಡಿಸಿದಳು. ದ್ವೀಪದ ಗಡಿಯಾರ ಎರಡೂವರೆ ಗಂಟೆ ಮುಂದಿತ್ತು. 'ಇನ್ನೂ ತಿಂಡಿ ಆಗಿಲ್ಲ ಸರ್' ಎಂಬುದನ್ನು ಯಾವ ಹೊತ್ತಿನವರೆಗೆ ಹೇಳಬಹುದೆಂದು ಬರೆದಿಟ್ಟುಕೊಂಡಳು. ಅಲೆಯ ಸದ್ದು, ಹಕ್ಕಿಯ ಸದ್ದು ಕೇಳಿಸಬಾರದು. ಕರೆ ಬಂದರೆ ಬಚ್ಚಲಮನೆಗೆ ಹೋಗುವುದು, ಬಾಗಿಲು ಹಾಕುವುದು, ತಲೆಯ ಮೇಲೆ ದಪ್ಪ ಟವೆಲ್ ಹೊದೆಯುವುದು. ಬೇಗ ಎತ್ತಲೂ ಬಾರದು. ಕಾಯಿಲೆಯವಳು ಹಾಸಿಗೆಯಿಂದ ಏಳುವಷ್ಟು ಹೊತ್ತು ಕಾಯಿಸಬೇಕು.

ದ್ವೀಪ ಅವಳನ್ನು ಮಳೆಯಿಂದ ಎದುರುಗೊಂಡಿತು. ಮೊದಲ ದಿನ ಸಮುದ್ರ ಕಾಣಲೇ ಇಲ್ಲ. ಎರಡನೆಯ ದಿನ ಕಂಡಿತು. ಒಲೆಯ ಬೂದಿ ಕದಡಿದ ಬಣ್ಣ. ದಡದಲ್ಲಿ ಕೆಂಪು ಬಾವುಟ ನೆಟ್ಟಿದ್ದರು. ಕಾವಲಿನವನು ಕೈ ಅಡ್ಡ ಮಾಡಿ ಯಾರನ್ನೂ ನೀರಿಗೆ ಬಿಡಲಿಲ್ಲ. ಮಳೆಗಾಲದ ಅಂಚಿನಲ್ಲಿ ಹೋಗಿ ಎಂದು ಬರೆದವರ ತಲೆಗೆ ಮೊಟಕಬೇಕೆನಿಸಿತು ಅವಳಿಗೆ. ಮುಲಾಮು ಹಚ್ಚಿಕೊಂಡು ಜಗಲಿಯಲ್ಲಿ ಕೂತಳು. ಸೊಳ್ಳೆಗಳು ಅದನ್ನು ವ್ಯಂಜನದಂತೆ ಸವಿದವು. ಈಗ ಮೈಮೇಲೆ ನಿಜವಾದ ಗುಳ್ಳೆಗಳೇ ಎದ್ದಿದ್ದವು. ಕಾಯಿಲೆಯ ಸುಳ್ಳಿಗೆ ಇಷ್ಟು ಚೆನ್ನಾದ ಸಾಕ್ಷಿ ಸಿಕ್ಕೀತೆಂದು ಅವಳು ಎಣಿಸಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಬಿಸಿಲು ಬಿತ್ತು. ಬಾವುಟ ಹಸಿರಾಯಿತು. ಅವಳು ಚಪ್ಪಲಿ ಬಿಟ್ಟು, ತಡವರಿಸುತ್ತ ನಡೆದು, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಳು. ಅಲೆ ಹಿಂದೆ ಸರಿದಾಗ ಅಂಗಾಲಿನ ಕೆಳಗಿನ ಮರಳು ಜಾರಿಹೋಯಿತು. ಇದನ್ನು ಅವಳಿಗೆ ನಾಲ್ಕು ಸಾವಿರ ಜನರಲ್ಲಿ ಒಬ್ಬರೂ ಹೇಳಿರಲಿಲ್ಲ. ಇನ್ನೊಂದು ಅಲೆಗೆ ಕಾದು ನಿಂತಳು.

ಆಗ ಕುತ್ತಿಗೆಯ ಚೀಲದಲ್ಲಿದ್ದ ಫೋನು ಹೊಡೆದುಕೊಂಡಿತು. ಯಜಮಾನರು.

ಅವಳು ಹೆದರಲಿಲ್ಲ. ದಡದಿಂದ ಕೋಣೆಗೆ ಅರವತ್ತೆರಡು ಹೆಜ್ಜೆ. ಮೊದಲ ದಿನವೇ ಎಣಿಸಿಟ್ಟಿದ್ದಳು. ಬಚ್ಚಲಮನೆಯ ಬಾಗಿಲು ಹಾಕಿದಳು. ಟವೆಲ್ ಹೊದ್ದಳು. ಫೋನು ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು. ಪಾಪ, ಕಾಯಲಿ. ಇನ್ನೆರಡು ಸಲ ಹೊಡೆದುಕೊಳ್ಳಲು ಬಿಟ್ಟು, ಉಸಿರನ್ನು ಹದಕ್ಕೆ ತಂದು ಎತ್ತಿದಳು.

"ಹಲೋ... ಸರ್..."

ನರಳಿಕೆ ಸೊಗಸಾಗಿ ಬಂತು. ಹಿಂದೆ ಅಲೆಯಿಲ್ಲ, ಹಕ್ಕಿಯಿಲ್ಲ, ಒಂದು ಹನಿ ನೀರಿನ ಸದ್ದೂ ಇಲ್ಲ. ಆ ಕಡೆ ಯಜಮಾನರು ಗಂಟಲು ಸರಿಮಾಡಿಕೊಂಡರು. ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಅವಳನ್ನು "ಮೇಡಂ" ಎಂದರು.

"ಎಲ್ಲ ಅನುಕೂಲವಾಗಿದೆಯಾ ಮೇಡಂ? ರೂಮು ಚೆನ್ನಾಗಿದೆಯಾ? ಊಟ ಹಿಡಿಸ್ತಾ?"

ಹೊರದೇಶಕ್ಕೆ ಹೋದ ಪ್ರತಿಯೊಬ್ಬ ಗಿರಾಕಿಗೂ ಮೂರನೆಯ ದಿನ ಯಜಮಾನರೇ ತಮ್ಮ ಕೋಣೆಯಲ್ಲಿ ಕೂತು ಫೋನು ಮಾಡಿ ಇದೇ ಮೂರು ಪ್ರಶ್ನೆ ಕೇಳುತ್ತಿದ್ದರು. ಆ ಒಂದು ಕೆಲಸವನ್ನು ಮಾತ್ರ ಅವರು ಅವಳಿಗೆ ಬಿಟ್ಟುಕೊಟ್ಟಿರಲಿಲ್ಲ. ಹಾಗಾಗಿ ಅವಳು ಎಂದೂ ದ್ವೀಪದಲ್ಲಿದ್ದವರಿಗೆ ಕರೆ ಮಾಡಿ ಕಾದವಳಲ್ಲ. ಊರೊಳಗಿನ ಫೋನಿಗೆ ಕರೆ ಮಾಡಿದರೆ ಕಿವಿಯಲ್ಲಿ ಜೋಡಿಜೋಡಿಯಾಗಿ ಸಣ್ಣ ಗಂಟೆ ಕೇಳಿಸುತ್ತದೆ. ಆ ದ್ವೀಪದಲ್ಲಿರುವ ಫೋನಿಗೆ ಮಾಡಿದರೆ ಒಂದೇ ಒಂದು ಉದ್ದನೆಯ ಕೂಗು, ಆಮೇಲೆ ಅಷ್ಟೇ ಉದ್ದದ ಮೌನ, ಮತ್ತೆ ಕೂಗು. ಸಾವಿರಾರು ಸಲ ಅದನ್ನು ಕೇಳಿದ ಕಿವಿ ಯಜಮಾನರದು. ಫೋನೆತ್ತಿದ ಮೇಲೆ ಕೇಳಿಸಬಹುದಾದ ಸದ್ದನ್ನೆಲ್ಲ ಅವಳು ಮುಚ್ಚಿದ್ದಳು. ಎತ್ತುವ ಮೊದಲು ಅವರಿಗೆ ಏನು ಕೇಳಿಸುತ್ತದೆಂದು ಯೋಚಿಸಿರಲಿಲ್ಲ. ಸಾಲದ್ದಕ್ಕೆ ಅರವತ್ತೆರಡು ಹೆಜ್ಜೆ, ಒಂದು ಬಾಗಿಲು, ಒಂದು ಟವೆಲ್, ಮೇಲೆ ಇನ್ನೆರಡು ಕೂಗಿನಷ್ಟು ಹೊತ್ತು ಅದನ್ನೇ ಅವರಿಗೆ ನೆಮ್ಮದಿಯಾಗಿ ಕೇಳಿಸಿದ್ದಳು.