ರುಚಿ ನೋಡಿದ್ದು ಲೆಕ್ಕಕ್ಕಿಲ್ಲ

"ಚಪ್ಪಲಿ ಬಿಟ್ಟು ಹತ್ತಿ."

"ಬಿಟ್ಟಿದ್ದೀನಲ್ಲ ಸರ್!"

"ಹೆಗಲ ಮೇಲಿನ ಬ್ಯಾಗು?"

ಅವಳು ಬ್ಯಾಗನ್ನು ಕುರ್ಚಿಯ ಮೇಲೆ ಕುಕ್ಕಿದಳು. ತೂಕದ ಯಂತ್ರದ ಕೆಂಪು ಅಂಕಿ ಅತ್ತಿತ್ತ ಓಲಾಡಿ ನಿಂತಿತು. ಎಪ್ಪತ್ತೆಂಟು!

ಆಸ್ಪತ್ರೆಯ ಆಹಾರ ತಜ್ಞ ತಲೆ ಎತ್ತದೆ ಬರೆದುಕೊಂಡ. "ಎಪ್ಪತ್ತೆರಡಕ್ಕೆ ಇಳೀಬೇಕು. ಎಂಟು ವಾರ ಟೈಮಿದೆ. ಆಮೇಲೆ ಇನ್ನೊಂದು ಸ್ಕ್ಯಾನ್."

"ಇಳೀದಿದ್ರೆ?"

ಈಗ ತಲೆ ಎತ್ತಿದ. "ಇಳೀದಿದ್ರೆ ನಿಮ್ಮ ಅಕ್ಕನಿಗೆ ನೀವು ಲಿವರ್ ಕೊಡೋಕಾಗಲ್ಲ."

ಅಷ್ಟೇ. ನೀರು ಬೇಕಾ ಅಂತಲೂ ಕೇಳಲಿಲ್ಲ. ಅಯ್ಯೋ, ಎಂಥಾ ಕಲ್ಲು ಮನುಷ್ಯ!

ವಿಷಯ ಏನಪ್ಪಾ ಅಂದರೆ, ಅವಳ ಅಕ್ಕನ ಲಿವರ್ ಪೂರ್ತಿ ಕೈಕೊಟ್ಟಿತ್ತು. ತಂಗಿಯ ಲಿವರಿನ ಒಂದು ಭಾಗ ತೆಗೆದು ಅಕ್ಕನಿಗೆ ಜೋಡಿಸಬಹುದು, ರಕ್ತದ ಗುಂಪೂ ಹೊಂದುತ್ತದೆ ಎಂದು ಸರ್ಜನ್ ಹೇಳಿದ್ದರು. ಆದರೆ ತಂಗಿಯ ಲಿವರಿನಲ್ಲಿ ಕೊಬ್ಬು ತುಂಬಿತ್ತು. ಅದು ಕರಗದೆ ಕತ್ತರಿ ಹಾಕಿದರೆ ಇಬ್ಬರ ಪ್ರಾಣಕ್ಕೂ ಸಂಚಕಾರ. ಎಂಟು ವಾರದ ಮೇಲೆ ಕಾಯುವ ಶಕ್ತಿ ಅಕ್ಕನಿಗಿರಲಿಲ್ಲ.

ತಂಗಿ ಒಂಬತ್ತು ವರ್ಷದವಳಿದ್ದಾಗ ಅಮ್ಮ ತೀರಿಹೋದರು. ಅಲ್ಲಿಂದ ಜಡೆ ಹೆಣೆದದ್ದು, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದ್ದು, ತಪ್ಪು ಮಾಡಿದಾಗ ಕಿವಿ ಹಿಂಡಿದ್ದು ಎಲ್ಲ ಅಕ್ಕನೇ. ಅಕ್ಕನಿಗೆ ಅವಳು ಗುಂಡು. ಈಗ ಇಪ್ಪತ್ತೊಂಬತ್ತಾದರೂ ಗುಂಡೂನೇ.

"ಹೇಗಿದ್ದಾನೆ ಕಣೆ ನಿನ್ನ ಡಾಕ್ಟ್ರು?" ವಾರ್ಡಿನಲ್ಲಿ ಮಲಗಿದ್ದ ಅಕ್ಕ ಕೇಳಿದಳು. ಕಣ್ಣು ಅರಿಶಿನದ ಹಾಗೆ ಹಳದಿಯಾಗಿದ್ದರೂ ನಾಲಿಗೆ ಚುರುಕಾಗೇ ಇತ್ತು.

"ಡಾಕ್ಟ್ರೂ ಅಲ್ಲ, ಮನುಷ್ಯನೂ ಅಲ್ಲ. ತಕ್ಕಡಿ! ಬಾಯಿ ಬಿಟ್ಟರೆ ಬರೀ ಕೆಜಿ, ಗ್ರಾಂ."

ಅಂದಿನಿಂದ ಅಕ್ಕ ತಂಗಿಯರ ಬಾಯಲ್ಲಿ ಅವನ ಹೆಸರು ತಕ್ಕಡಿ ಅಂತಲೇ ಆಯಿತು.

ತಕ್ಕಡಿ ಕೊಟ್ಟ ಪಾಠವೇನೂ ಬ್ರಹ್ಮವಿದ್ಯೆಯಲ್ಲ. ತಟ್ಟೆಯಲ್ಲಿ ಅರ್ಧ ತರಕಾರಿ, ಕಾಲು ಭಾಗ ಅನ್ನ, ಇನ್ನು ಕಾಲು ಭಾಗ ಕಾಳೋ ಮೊಟ್ಟೆಯೋ. ಟೀಗೆ ಸಕ್ಕರೆ ಇಲ್ಲ. ದಿನಾ ನಲವತ್ತು ನಿಮಿಷ ಬಿರುಸು ನಡಿಗೆ. ಲಿಫ್ಟ್ ಬಿಟ್ಟು ಮೆಟ್ಟಿಲು. ಕುರ್ಚಿಯಿಂದ ಕೈ ಊರದೆ ಇಪ್ಪತ್ತು ಸಲ ಎದ್ದು ಕೂರುವುದು, ಬೆಳಿಗ್ಗೆ ಒಂದು ಸಾರಿ, ಸಂಜೆ ಒಂದು ಸಾರಿ. ತಿಂದದ್ದನ್ನೆಲ್ಲ ಪುಸ್ತಕದಲ್ಲಿ ಬರೆಯಬೇಕು.

"ಉಪವಾಸ ಮಾತ್ರ ಬೇಡ," ಎಂದಿದ್ದ. "ಹೊಟ್ಟೆ ಕಟ್ಟಿದ್ರೆ ಲಿವರಿಗೆ ಇನ್ನೂ ಕೆಟ್ಟದ್ದು."

ಗುಂಡು ಒಂದನ್ನೂ ತಪ್ಪಿಸಲಿಲ್ಲ. ಮೊದಲ ದಿನ ಮೂರನೇ ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಂತು. ಕಾಲು ನೋವಿಗೆ ಮಂಚದಿಂದ ಇಳಿಯುವಾಗ 'ಅಮ್ಮಾ' ಅನ್ನುವಂತಾಯಿತು. ಆದರೂ ಬಿಡಲಿಲ್ಲ.

ಮೂರು ವಾರ ಕಳೆಯಿತು. ಇಳಿದದ್ದು ಏಳುನೂರು ಗ್ರಾಂ!

ತಕ್ಕಡಿ ಪುಸ್ತಕ ತಿರುವಿದ. ತೂಕ ನೋಡಿದ. ಮತ್ತೆ ಪುಸ್ತಕ ತಿರುವಿದ.

"ಇದರ ಪ್ರಕಾರ ಎರಡು ಕೆಜಿ ಆದ್ರೂ ಇಳೀಬೇಕಿತ್ತು. ಏನೋ ಮುಚ್ಚಿಡ್ತಿದ್ದೀರಿ."

"ಏನಂದ್ರಿ?"

"ತಕ್ಕಡಿ ಸುಳ್ಳು ಹೇಳಲ್ಲ."

ಅವಳ ಮೈಯೆಲ್ಲ ಉರಿದುಹೋಯಿತು. "ಅಂದ್ರೆ ನಾನು ಹೇಳ್ತೀನಾ? ನನ್ನ ಅಕ್ಕನ ಪ್ರಾಣದ ವಿಷಯದಲ್ಲಿ ನಾನು ಸುಳ್ಳು ಬರೀತೀನಾ? ನಿಮಗೆ ಅಕ್ಕ ತಂಗಿ ಯಾರೂ ಇಲ್ವಾ?"

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಈ ಮಹಾರಾಯನಿಗೆ ಮೊದಲನೆಯದು ಮಾತ್ರ ಗೊತ್ತಿತ್ತು. ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಬಾಗಿಲು ದಾಟಿದ್ದಳು.

ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. 'ನನ್ನ ದೇಹವೇ ನನ್ನ ಅಕ್ಕನನ್ನ ಕೊಲ್ತಿದೆಯಾ?' ಅತ್ತು ಮುಗಿದಾಗ ಹಟ ಹುಟ್ಟಿತು. ಇನ್ನು ಊಟವೇ ಬೇಡ!

ಗುಂಡು ಕೆಲಸ ಮಾಡುತ್ತಿದ್ದದ್ದು ದೊಡ್ಡದೊಂದು ಬೇಕರಿಯಲ್ಲಿ. ಕೇಕಿನ ಕ್ರೀಮು, ಕಸ್ಟರ್ಡು, ಬಿಸ್ಕತ್ತಿನ ಹಿಟ್ಟು ಎಲ್ಲ ಅವಳ ಉಸ್ತುವಾರಿ. ಉಪವಾಸದ ಎರಡನೇ ದಿನ ಮಧ್ಯಾಹ್ನ ತಕ್ಕಡಿ ತನ್ನ ಊಟದ ಬಿಡುವಿನಲ್ಲಿ ಅಲ್ಲಿಗೇ ಬಂದ. ಪುಸ್ತಕವೂ ಸುಳ್ಳಲ್ಲ, ತೂಕವೂ ಸುಳ್ಳಲ್ಲ ಅಂದರೆ ನಡುವೆ ಏನೋ ಕಳೆದುಹೋಗಿದೆ ಎಂದು ಅವನಿಗೆ ಎರಡು ದಿನದಿಂದ ನಿದ್ದೆ ಬಂದಿರಲಿಲ್ಲ.

ಮಾಲೀಕರು ತಲೆಗೊಂದು ಪ್ಲಾಸ್ಟಿಕ್ ಟೋಪಿ ಹಾಕಿಸಿ ಒಳಗೆ ಬಿಟ್ಟರು. ಅವಳು ಬೆನ್ನು ಹಾಕಿ ನಿಂತಿದ್ದಳು. ಅವನು ಅರ್ಧ ಗಂಟೆ ಸುಮ್ಮನೆ ನೋಡುತ್ತ ನಿಂತ.

"ಹತ್ತೊಂಬತ್ತು," ಎಂದ ಕೊನೆಗೆ.

ಅವಳು ಬೆಚ್ಚಿ ತಿರುಗಿದಳು. "ನೀವಾ! ಇಲ್ಲಿಗೂ ಬಂದ್ರಾ ಕಳ್ಳಿಯನ್ನ ಹಿಡಿಯೋಕೆ? ನೋಡ್ಕೊಳ್ಳಿ! ಎರಡು ದಿನದಿಂದ ಒಂದು ತುತ್ತು ಬಾಯಿಗೆ ಹಾಕಿಲ್ಲ!"

ಹಾಗೆನ್ನುತ್ತಲೇ ಕ್ರೀಮಿನ ಚಮಚವನ್ನು ಬಾಯಿಗಿಟ್ಟು, ಕಣ್ಣು ಕಿರಿದು ಮಾಡಿ, "ವೆನಿಲ್ಲಾ ಕಡಿಮೆ" ಎಂದು ಗೊಣಗಿದಳು.

"ಇಪ್ಪತ್ತು," ಎಂದ ತಕ್ಕಡಿ, ಮೆಲ್ಲಗೆ.

"ಏನು ಇಪ್ಪತ್ತು?"

"ಚಮಚ."

"ಅಯ್ಯೋ, ಇದು ತಿನ್ನೋದಲ್ಲ! ರುಚಿ ನೋ..."

ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು. ಹನ್ನೊಂದು ವರ್ಷದಿಂದ ದಿನಕ್ಕೆ ನೂರಿನ್ನೂರು ಸಲ ಬೆಣ್ಣೆ, ಸಕ್ಕರೆ, ಕೆನೆ... ಅಡುಗೆ ಮಾಡುವವರು ರುಚಿ ನೋಡಿದ್ದನ್ನು ಯಾರಾದರೂ ಊಟ ಅಂತಾರಾ? ಕೇಳಿದರೆ ನೀವೂ ನಾನೂ ಇಲ್ಲ ಅಂತಲೇ ಹೇಳುತ್ತೇವೆ. ಪಾಪ, ಅವಳಿಗೆ ಅದು ಹೊಳೆದೇ ಇರಲಿಲ್ಲ.

"ಮೂರು ವಾರ ಹಾಳಾಯ್ತು ಸರ್," ಎಂದಳು. "ನನ್ನ ನಾಲಿಗೆಯಿಂದಲೇ..."

"ನಿಮ್ಮದಲ್ಲ ತಪ್ಪು. ತಿಂದದ್ದು ಬರೀರಿ ಅಂದೆ. ರುಚಿ ನೋಡಿದ್ದೂ ಬರೀರಿ ಅನ್ನಲಿಲ್ಲ. ಸುಳ್ಳು ಅಂತ ಬೇರೆ ಅಂದುಬಿಟ್ಟೆ. ಕ್ಷಮಿಸಿ." ಅವನ ದನಿ ಮೊದಲ ಸಲ ತಡವರಿಸಿತು. "ಮೊದಲು ಬಂದು ಊಟ ಮಾಡಿ. ದಯವಿಟ್ಟು."

ಆದರೆ ರುಚಿ ನೋಡದೆ ಕ್ರೀಮು ಮಾಡುವುದು ಹೇಗೆ? ಓವನ್ ನೋಡಿಕೊಳ್ಳುವವನಿಗೆ ಶುಗರ್ ಕಾಯಿಲೆ. ಮಾಲೀಕರಿಗೆ ಉಪ್ಪಿಗೂ ಸಕ್ಕರೆಗೂ ವ್ಯತ್ಯಾಸ ಗೊತ್ತಿಲ್ಲ.

"ಬೆಳಿಗ್ಗೆ ಡ್ಯೂಟಿಗೆ ಮುಂಚೆ ನಾನು ಬರ್ತೀನಿ," ಎಂದ ತಕ್ಕಡಿ. ತಾನೇ ಹೇಳಿದ್ದೋ ಬೇರೆ ಯಾರೋ ಹೇಳಿದ್ದೋ ಎಂಬಂತೆ ಸುತ್ತ ನೋಡಿದ.

ಬಂದ. ಮೊದಲ ದಿನ ಎಲ್ಲದಕ್ಕೂ "ಚೆನ್ನಾಗಿದೆ" ಎಂದ.

"ಚೆನ್ನಾಗಿದೆ ಅಂದ್ರೆ ಏನು ಸರ್? ಸಿಹಿ ಮುಂದಿದೆಯಾ, ಬೆಣ್ಣೆ ಮುಂದಿದೆಯಾ? ತಿಂದ ಮೇಲೆ ನಾಲಿಗೆಗೆ ಅಂಟುತ್ತಾ?"

"ಬೇಕರಿಯವರೇ, ಇದು ಪರೀಕ್ಷೆನಾ?"

"ಹೂಂ. ಫೇಲಾದ್ರೆ ಇನ್ನೊಂದು ಚಮಚ!"

ಒಂದೊಂದು ಕ್ರೀಮಿಗೂ ಅವನು ಹೇಳಿದಂತೆ ಅಳತೆ ಕೂಡಿಸಿ, ಕಳೆದು, ಗ್ರಾಂ ಲೆಕ್ಕದಲ್ಲಿ ಬರೆದಿಟ್ಟಳು. ಆಮೇಲೆ ಇಬ್ಬರೂ ಆಸ್ಪತ್ರೆಗೆ ನಡೆದೇ ಹೋಗುತ್ತಿದ್ದರು. ನಲವತ್ತು ನಿಮಿಷದ ದಾರಿ. ಅವಳು ಅಕ್ಕನ ಬಗ್ಗೆ ಮಾತಾಡುತ್ತಿದ್ದಳು, ಅವನು ಕೇಳುತ್ತಿದ್ದ. ಬರಬರುತ್ತ ಆ ನಲವತ್ತು ನಿಮಿಷ ಸಾಲದು ಅನ್ನಿಸತೊಡಗಿತು. 'ಅಕ್ಕ ಅಲ್ಲಿ ಸಾವಿನ ದವಡೆಯಲ್ಲಿದ್ದಾಳೆ, ನಂದೇನಿದು?' ಎಂದು ತನ್ನನ್ನೇ ಬೈದುಕೊಂಡಳು. ಬೈದರೆ ಮನಸ್ಸು ಕೇಳುತ್ತದೆಯೇ!

ಐದನೇ ವಾರ ಎಪ್ಪತ್ತೈದು. ಏಳನೇ ವಾರ ಎಪ್ಪತ್ತೆರಡೂವರೆ!

"ಸರ್, ನೋಡಿ!" ಎಂದು ಕುಣಿದೇಬಿಟ್ಟಳು. ಅವನು ನಗಲಿಲ್ಲ. ಮುಖ ಬಿಳಿಚಿಕೊಂಡಿತ್ತು. "ಒಳ್ಳೇದು," ಎಂದು ಹೊರಗೆ ಹೋದ.

ಮರುದಿನ ಬೇಕರಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನ್ ಎತ್ತಲಿಲ್ಲ. ಅಳತೆ ಬರೆದಿಟ್ಟಿದ್ದರಿಂದ ಕೆಲಸಕ್ಕೇನೂ ತೊಂದರೆ ಆಗಲಿಲ್ಲ. ಆದರೆ ದಾರಿ ಮಾತ್ರ ಸವೆಯಲಿಲ್ಲ.

ಅವನ ಕೋಣೆಗೆ ಹೋದರೆ ಅಲ್ಲಿ ಹಿರಿಯ ಮೇಡಂ ಒಬ್ಬರು ಕೂತಿದ್ದರು. "ನಿಮ್ಮ ಫೈಲ್ ಅವರು ನನಗೆ ಬಿಟ್ಟುಕೊಟ್ಟಿದ್ದಾರಮ್ಮ. ಇನ್ನು ಮೇಲೆ ರಿಪೋರ್ಟ್ ನಾನೇ ಬರೀತೀನಿ."

"ಯಾಕೆ ಮೇಡಂ?"

"ನಂಗೆ ಹೇಳಿಲ್ಲ."

'ಸ್ಕ್ಯಾನಿನಲ್ಲಿ ನಾನು ಫೇಲಾಗ್ತೀನಿ ಅಂತ ಅವರಿಗೆ ಗೊತ್ತಾಗಿದೆ! ಅದಕ್ಕೇ ನಡುನೀರಲ್ಲಿ ಕೈಬಿಟ್ರು...'

ಆ ವಾರ ಅಕ್ಕನಿಗೆ ಎರಡು ಸಲ ಪ್ರಜ್ಞೆ ತಪ್ಪಿತು. ಎಚ್ಚರವಾದಾಗ ತಂಗಿಯ ಕೈ ಹಿಡಿದು, "ಆಗಲಿಲ್ಲ ಅಂದ್ರೆ ಬಿಡೆ ಗುಂಡು. ನೀನು ಚೆನ್ನಾಗಿದ್ರೆ ಸಾಕು," ಎಂದಳು.

"ಸುಮ್ನಿರೆ!" ಎಂದು ಗದರಿದ ಗುಂಡು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತಳು.

ಸ್ಕ್ಯಾನಿನ ದಿನ ತೂಕ ಎಪ್ಪತ್ತೆರಡಕ್ಕಿಂತ ನೂರು ಗ್ರಾಂ ಕಡಿಮೆ. ಸರ್ಜನ್ ರಿಪೋರ್ಟನ್ನು ಬೆಳಕಿಗೆ ಹಿಡಿದರು.

"ಕೊಬ್ಬು ಇಳಿದಿದೆ. ಸೋಮವಾರ ಆಪರೇಷನ್."

ಅಕ್ಕನ ವಾರ್ಡಿಗೆ ಓಡುತ್ತ ಮೆಟ್ಟಿಲು ಹತ್ತುವಾಗ ಎದುರಿಗೆ ತಕ್ಕಡಿ! ಅವನು ಪಕ್ಕಕ್ಕೆ ಸರಿದ. ಅವಳು ದಾರಿಗೆ ಅಡ್ಡ ನಿಂತಳು.

"ಪಾಸಾದೆ ಸರ್. ನೀವು ಕೈಬಿಟ್ರೂ ಪಾಸಾದೆ."

"ಗೊತ್ತು. ಬಾಗಿಲ ಹೊರಗೇ ನಿಂತಿದ್ದೆ."

"ಮತ್ತೆ ಯಾಕೆ ಬಿಟ್ಟು ಹೋದ್ರಿ? ಒಂದು ಮಾತು ಹೇಳಬಾರದಿತ್ತಾ? ನಾನೇನು ತಪ್ಪು ಮಾಡಿದೆ?"

ಅವನು ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡ. "ಫೈಲ್ ಬಿಟ್ಟೆ. ನಿಮ್ಮನ್ನಲ್ಲ."

"ಅಂದ್ರೆ?"

"ಅವತ್ತು ಎಪ್ಪತ್ತೆರಡೂವರೆ ಬಂತಲ್ಲ... ನೀವು ಕುಣಿದ್ರಿ. ನನಗೆ ಖುಷಿ ಆಗಲಿಲ್ಲ. ಭಯ ಆಯ್ತು! ಇನ್ನರ್ಧ ಕೆಜಿ ಇಳಿದ್ರೆ ನಿಮ್ಮನ್ನ ಆ ಟೇಬಲ್ ಮೇಲೆ ಮಲಗಿಸ್ತಾರೆ. ಇಳೀದೇ ಇರಲಿ ಅಂತ ಒಂದು ಕ್ಷಣ ಬೇಡ್ಕೊಂಡೆ. ಆ ಕಡೆ ನಿಮ್ಮ ಅಕ್ಕನ ಪ್ರಾಣ, ಈ ಕಡೆ ನನ್ನ ಸ್ವಾರ್ಥ. ಅಂಥವನು ಆ ರಿಪೋರ್ಟಿಗೆ ಸಹಿ ಹಾಕಬಾರದು." ಕಣ್ಣು ತುಂಬಿ ಬಂದಿತ್ತು. "ನನಗೆ ನೀವು ಬೇಕು. ಇದನ್ನ ನಿಮಗೆ ಮೊದಲೇ ಹೇಳಿದ್ರೆ ನಿಮ್ಮ ಮನಸ್ಸು ಅಲ್ಲಾಡುತ್ತೆ ಅಂತ ದೂರ ಹೋದೆ."

ಗುಂಡು ಕಲ್ಲಾಗಿ ನಿಂತಳು. ಎರಡು ತಿಂಗಳ ಹಿಂದೆ ಯಾರನ್ನು ಕಲ್ಲು ಅಂದಿದ್ದಳೋ ಅವನು ಮಗುವಿನಂತೆ ಅಳುತ್ತಿದ್ದ!

"ಹೋಗಬೇಡ ಅಂತೀರಾ?" ಎಂದಳು ಕೊನೆಗೆ.

"ಇಲ್ಲ. ಹೋಗಿ ಬನ್ನಿ. ನಾನು ಹೊರಗೆ ಕೂತಿರ್ತೀನಿ."

ಈಗಲೇ ಉತ್ತರ ಕೊಟ್ಟರೆ ಕಾಲು ಹಿಂದೆ ಎಳೆಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಣ್ಣೊರೆಸಿಕೊಂಡು ಅಕ್ಕನ ಹತ್ತಿರ ನಡೆದಳು.

ಸೋಮವಾರ ಇಬ್ಬರನ್ನೂ ಅಕ್ಕಪಕ್ಕದ ಕೋಣೆಗಳಿಗೆ ತಳ್ಳಿಕೊಂಡು ಹೋದರು. ಬಾಗಿಲು ಮುಚ್ಚಿತು.

ಅವಳಿಗೆ ಪೂರ್ತಿ ಎಚ್ಚರವಾದಾಗ ಮಂಗಳವಾರ ಮಧ್ಯಾಹ್ನ. ಹೊಟ್ಟೆಯೆಲ್ಲ ನೋವು. ಮಂಚದ ಪಕ್ಕ ಕೆದರಿದ ಕೂದಲು, ಅದೇ ನಿನ್ನೆಯ ಅಂಗಿ, ಅವನು.

"ಅಕ್ಕ...?"

"ಲಿವರ್ ಕೆಲಸ ಶುರು ಮಾಡಿದೆ. ನಿಮ್ಮ ಅಕ್ಕನೂ ಶುರು ಮಾಡಿದ್ದಾರೆ, ಆಗಲೇ ನರ್ಸ್ ಜೊತೆ ಒಂದು ಜಗಳ ಆಯ್ತು."

ನಗಲು ಹೋಗಿ ನೋವಿಗೆ ಮುಖ ಕಿವುಚಿದಳು. ಕಣ್ಣಂಚಿನಿಂದ ನೀರು ಕಿವಿಯತ್ತ ಇಳಿಯಿತು. ಅಕ್ಕ ಬದುಕಿದಳು! ಅವನನ್ನು ತುಂಬಾ ಹೊತ್ತು ನೋಡಿದಳು. ಇಷ್ಟು ದಿನದ 'ಸರ್' ಆಗಲಿ 'ನೀವು' ಆಗಲಿ ಬಾಯಿಗೆ ಬರಲಿಲ್ಲ.

"ನಿಂದು ಊಟ ಆಯ್ತಾ?"

ಅವನು ಥಟ್ಟನೆ ತಲೆ ಎತ್ತಿದ. ಕೇಳಿದ್ದು ನಿಜವೇ ಎಂಬಂತೆ ಅವಳ ಮುಖ ನೋಡಿದ. ಆಮೇಲೆ ಅವಳ ಸೂಜಿ ಚುಚ್ಚಿರದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇಲ್ಲ ಕಣೇ... ನಿನ್ನೆಯಿಂದ ಏನೂ ಇಳೀಲಿಲ್ಲ."

"ಹೋಗಿ ತಿಂದು ಬಾ. ನಾನೆಲ್ಲೂ ಹೋಗಲ್ಲ."