ಹೋಗಿ ಬರ್ತೀನ್ರೀ

“ಹೋಗಿ ಬರ್ತೀನ್ರೀ,” ಅಂದುಬಿಟ್ಟ ಅಮೋಘಪ್ಪ ಕಾಕಾ.

ಪಡಸಾಲೆಯಲ್ಲಿ ಅಳುತ್ತಿದ್ದವರೆಲ್ಲ ತಟ್ಟನೆ ಸುಮ್ಮನಾದರು. ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತೀರಿಹೋದ ಶಂಕ್ರಮ್ಮನ ಫೋಟೊ ಮುಂದೆ ಊದುಬತ್ತಿಯ ಹೊಗೆ ಮಾತ್ರ ಅಲುಗಾಡುತ್ತಿತ್ತು.

ಅವನ ಜೊತೆ ಬಂದಿದ್ದ ಅಣ್ಣನ ಪುಟ್ಟ ಮಗಳು ಚಂದಮ್ಮನಿಗೆ ಅಜ್ಜಿಯ ಕತೆ ನೆನಪಾಯಿತು. ಆಯಿ ಹೇಳುವ ಕತೆಗಳಲ್ಲಿ ಯಾರೋ ಮಂತ್ರವನ್ನು ತಪ್ಪಾಗಿ ನುಡಿದುಬಿಡುತ್ತಾರೆ. ಆಗ ಇಡೀ ಅರಮನೆ ಕಲ್ಲಾಗುತ್ತದೆ. ಕುದುರೆ, ಕಾವಲುಗಾರ, ಅಡುಗೆಯವಳ ಕೈಯಲ್ಲಿನ ಸೌಟು ಕೂಡ. ಕಮಲಾಪುರದ ಈ ದೊಡ್ಡ ಮನೆ ಈಗ ಹಾಗೇ ಆಗಿತ್ತು.

ಸತ್ತವರ ಮನೆಗೆ ಮಾತಾಡಿಸಲು ಹೋದವರು ಏಳುವಾಗ ‘ಹೋಗಿ ಬರ್ತೀನಿ’ ಅನ್ನುವುದಿಲ್ಲ. ಸುಮ್ಮನೆ ಎದ್ದು ನಡೆಯುತ್ತಾರೆ. ‘ಬರ್ತೀನಿ’ ಅಂದರೆ ಆ ಮನೆಯಲ್ಲಿ ಇನ್ನೊಂದು ಸಾವು ಬಯಸಿದ ಹಾಗೆ. ಇದು ಎಲ್ಲರಿಗೂ ಗೊತ್ತು. ಕಾಕಾನಿಗೆ ಗೊತ್ತಿರಲಿಲ್ಲ.

ಮೊದಲು ಬಾಯಿ ಬಿಟ್ಟವಳು ಶಂಕ್ರಮ್ಮನ ಮಗಳು ವಿಮಲಾಬಾಯಿ. “ಮತ್ತ ಬರ್ತೀಯಾ? ನಮ್ಮವ್ವನ್ನ ಮೊನ್ನೆ ಮಣ್ಣು ಮಾಡೀವಿ. ಇನ್ನ ಯಾರ ಹೆಣ ನೋಡಾಕ ಬರ್ತೀಯೋ?”

ಕಾಕಾ ಅವಳ ಹಣೆಯ ವಿಭೂತಿಯನ್ನೇ ನೋಡುತ್ತ ಯೋಚಿಸಿದ. ಪ್ರಶ್ನೆ ಕೇಳಿದರೆ ಉತ್ತರ ಕೊಡಬೇಕಲ್ಲ.

“ಮಿಲ್ಲಿಗೆ ಸೂಟಿ ಇದ್ರ ಬರ್ತೀನ್ರೀ,” ಅಂದ.

ಯಾರೋ “ಶಿವ ಶಿವಾ” ಅಂದರು. ಚಂದಮ್ಮನಿಗೆ ಕಾಲಡಿಯ ಫರಸಿಕಲ್ಲು ಬಾಯಿ ತೆರೆದು ತನ್ನನ್ನು ನುಂಗಿದರೆ ಸಾಕಿತ್ತು ಅನ್ನಿಸಿತು.

ಶಂಕ್ರಮ್ಮನ ಮಗ, ಕಾಕಾ ದುಡಿಯುವ ಮಿಲ್ಲಿನ ಮಾಲೀಕರಾದ ದೌಲಪ್ಪ ಸಾವ್ಕಾರರು ದನಿ ಏರಿಸಲಿಲ್ಲ. ತಾಯಿ ತೀರಿದ್ದರಿಂದ ಮಿಲ್ಲು ಮುಚ್ಚಿತ್ತು. “ಮಲಂಗಸಾಬ, ಇವನ್ನ ಹೊರಗ ಕರ್ಕೊಂಡು ಹೋಗು. ಮಿಲ್ ಸುರು ಆದ ಮ್ಯಾಲೂ ಇವ ಬರೂದು ಬ್ಯಾಡ.”

ಮಲಂಗಸಾಬ ಮಿಲ್ಲಿನಲ್ಲಿ ಕಾಕಾನ ಜೊತೆ ಕೆಲಸ ಮಾಡುವವನು. ಕಾಕಾನ ತೋಳು ಹಿಡಿದು ಅಂಗಳಕ್ಕೆ ಕರೆತಂದ. ಚಂದಮ್ಮ ಹಿಂದೆಯೇ ಬಂದಳು. “ಅರೆ ಭಾಯಿ, ಸುಮ್ನ ಏಳಾಕ ಏನಾಗಿತ್ತು ನಿನಗ? ನಾ ಏನರ ಅಂದ್ನೇನು?”

“ನೀ ಯಾವಾಗ್ಲೂ ಏನೂ ಅನ್ನಂಗಿಲ್ಲ. ನಿನ್ನ ಬಾಯಾಗ ಎಲಿಅಡಿಕಿ ಇರ್ತದ.”

ಮಲಂಗಸಾಬ ಹಣೆ ಬಡಿದುಕೊಂಡು ಬಸ್ ನೋಡಲು ಹೋದ.

ಕಾಕಾ ಜೇಬಿನಿಂದ ತೊಗರಿ ಕಾಳು ತೆಗೆದು ಬೆರಳ ನಡುವೆ ಉರುಳಿಸತೊಡಗಿದ. ಗಾಬರಿಯಾದಾಗ ಅವನು ಮಾಡುವುದೇ ಹಾಗೆ. “ಚಂದೂ, ನೀ ಹೇಳಿದ ರೂಲ್ ಎಲ್ಲಾ ಮಾಡೀನಿ. ವಿಭೂತಿ ನೋಡೀನಿ. ಏಳುವಾಗ ಹೋಗಿ ಬರ್ತೀನ್ರೀ ಅಂದೀನಿ. ಮಿಸ್ಟೇಕ್ ಎಲ್ಲಿ ಆತು?”

“ಸತ್ತ ಮನ್ಯಾಗ ಹಂಗ ಅನಬಾರ್ದು ಕಾಕಾ.”

“ಅದು ನೀ ಹೇಳಿಲ್ಲ.”

ಹೌದು, ಅವಳು ಹೇಳಿರಲಿಲ್ಲ.

ಕಾಕಾನಿಗೆ ಜನರ ಕಣ್ಣು ನೋಡಿ ಮಾತಾಡಲು ಆಗುತ್ತಿರಲಿಲ್ಲ. ಮಾತು ಮುಗಿದರೆ ಹೇಳದೆ ಕೇಳದೆ ಎದ್ದು ಹೋಗಿಬಿಡುತ್ತಿದ್ದ. ಮೊದಲು ಕಲಬುರಗಿಯ ಒಂದು ಕಿರಾಣಿ ಅಂಗಡಿಯಲ್ಲಿದ್ದ. ಗಿರಾಕಿಯೊಬ್ಬಳು “ಬ್ಯಾಳಿ ಚಲೋ ಐತೇನಪ್ಪ?” ಅಂದಾಗ “ಇಲ್ರೀ, ಹುಳ ಬಿದ್ದಾವ” ಅಂದ. ಅಂದೇ ಆ ಕೆಲಸ ಹೋಯಿತು. ಆಮೇಲೆ ನಂದೂರಿನಲ್ಲಿ ದೌಲಪ್ಪ ಸಾವ್ಕಾರರ ಬೇಳೆ ಮಿಲ್ಲು ಸೇರಿದ. ಜರಡಿಯ ಮುಂದೆ ನಿಂತು ಕಲ್ಲು, ಕಸ ಆರಿಸುವ ಕೆಲಸ. ಅದು ಕಾಕಾನಿಗೆ ಹಬ್ಬದಷ್ಟು ಇಷ್ಟ. ಮನೆಗೆ ಬಂದರೂ ಅದರದೇ ಮಾತು.

ಈ ಕೆಲಸವೂ ಹೋಗಬಾರದೆಂದು ಚಂದಮ್ಮ ಮಾಳಿಗೆ ಮೇಲೆ ಟೀಚರ್ ಆಟ ಆಡಿದ್ದಳು. ಅವಳು ಸಾವ್ಕಾರ, ಕಾಕಾ ಕಾಕಾನೇ. “ಕಣ್ಣು ನೋಡಾಕ ಆಗಲಿಲ್ಲಂದ್ರ ಹಣಿ ಮ್ಯಾಲಿನ ವಿಭೂತಿ ನೋಡು. ಎಲ್ಲಿಂದ ಎದ್ರೂ ಹೋಗಿ ಬರ್ತೀನ್ರೀ ಅನ್ನು. ಎಲ್ಲಿಂದ ಎದ್ರೂ. ತಿಳೀತಾ?” ಕಾಕಾ ತಲೆ ಆಡಿಸಿದ್ದ. ಮಿಲ್ಲಿನಲ್ಲಿ ಜನ ಅವನನ್ನು ನೋಡಿ ನಗುವುದು ಕಡಿಮೆಯಾಗಿತ್ತು.

ನಿನ್ನೆ ಎಸ್‌ಟಿಡಿ ಬೂತಿನವನು ಸಾವಿನ ಸುದ್ದಿ ತಂದಾಗ, ಮೊಣಕಾಲು ನೋವಿನ ಆಯಿ, “ಚಂದೂ, ನೀನ ಅವನ ಜೋಡಿ ಹೋಗವ್ವ. ನೀ ಇದ್ರ ಅವ ಎಡವಂಗಿಲ್ಲ,” ಎಂದಿದ್ದಳು.

“ಕಾಕಾ, ಇಲ್ಲೇ ನಿಂದ್ರು,” ಎಂದಳು ಚಂದಮ್ಮ. ಮತ್ತೆ ಒಳಗೆ ಹೋದಳು.

ಎಲ್ಲರೂ ತಿರುಗಿ ನೋಡಿದರು. ಅವಳಿಗೂ ಯಾರ ಕಣ್ಣನ್ನೂ ನೋಡಲಾಗಲಿಲ್ಲ. ಸಾವ್ಕಾರರ ವಿಭೂತಿ ನೋಡುತ್ತ ಹೇಳಿದಳು: “ತಪ್ಪು ನಂದ್ರೀ. ಎಲ್ಲಿಂದ ಎದ್ರೂ ಹಂಗ ಅನ್ನು ಅಂತ ನಾನೇ ಹೇಳಿಕೊಟ್ಟೀನ್ರೀ. ಅವಗ ಒಂದೊಂದೂ ಹೇಳಬೇಕ್ರೀ. ಸತ್ತ ಮನ್ಯಾಗ ಅನಬಾರ್ದು ಅಂತ ಹೇಳಾಕ ಮರ್ತೆ.”

“ಅಷ್ಟು ದೊಡ್ಡವಗ ಅದೂ ಹೇಳಿಕೊಡಬೇಕೇನು?” ಎಂದಳು ವಿಮಲಾಬಾಯಿ.

ಸಾವ್ಕಾರರು ಕೈ ಎತ್ತಿ ತಂಗಿಯನ್ನು ತಡೆದರು. “ಅನಬಾರ್ದು ಅಂತ ನಿನಗ ಯಾರು ಹೇಳಿಕೊಟ್ರವ್ವ?”

ಚಂದಮ್ಮ ನೆನಪು ಮಾಡಿಕೊಂಡಳು. ಆಯಿ? ಇಲ್ಲ. ಅವ್ವ? ಇಲ್ಲ. ಸ್ಕೂಲಿನಲ್ಲಂತೂ ಅಲ್ಲ.

“ಯಾರೂ ಹೇಳಿಲ್ರೀ.”

“ಹಂಗಾದ್ರ ಹೆಂಗ ಗೊತ್ತಾತು?”

ಚಂದಮ್ಮ ತಲೆ ಅಲ್ಲಾಡಿಸಿದಳು. ಸಾವ್ಕಾರರು ತಾಯಿಯ ಫೋಟೊ ಕಡೆ ತಿರುಗಿ ಇನ್ನೊಂದು ಊದುಬತ್ತಿ ಹಚ್ಚಿದರು. ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲವೋ ಏನೋ.

“ಮಿಲ್ ಸುರು ಆದ ದಿನ ಬಾ ಅನ್ನು ಅವಗ,” ಎಂದರು ಕೊನೆಗೆ. ವಿಮಲಾಬಾಯಿ ಮುಖ ತಿರುಗಿಸಿಕೊಂಡಳು.

ಚಂದಮ್ಮ ಹೊರಡಲು ತಿರುಗಿದಳು. ‘ಹೋಗಿ’ ಅನ್ನುವುದು ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ತುಟಿ ಕಚ್ಚಿ ಹಿಡಿದು ಹೊರಗೆ ಬಂದಳು.

ಅಂಗಳದಲ್ಲಿ ಉರಿಬಿಸಿಲು. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬೇವಿನ ಮರದ ನೆರಳು. ಕಾಕಾ ಮಾತ್ರ ಅವಳು ಬಿಟ್ಟುಹೋದ ಜಾಗದಲ್ಲೇ ನಿಂತಿದ್ದ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

“ನೆರಳಿಗೆ ಯಾಕ ನಿಂದ್ರಲಿಲ್ಲ ಕಾಕಾ?”

“ಇಲ್ಲೇ ನಿಂದ್ರು ಅಂದಿ.”

ಚಂದಮ್ಮ ಅವನ ಕೈ ಹಿಡಿದು ನೆರಳಿಗೆ ಎಳೆದಳು. ಆಮೇಲೆ ಮಿಲ್ಲಿನ ವಿಷಯ ಹೇಳಿದಳು. ಕಾಕಾ ಕಾಳುಗಳನ್ನು ಮತ್ತೆ ಜೇಬಿಗೆ ಹಾಕಿಕೊಂಡ.

ಮಲಂಗಸಾಬ ನಿಲ್ಲಿಸಿಟ್ಟಿದ್ದ ಕಲಬುರಗಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ರಸ್ತೆ ಬದಿಯಲ್ಲಿ ಕೆಂಪು ಬಾಳೆಹಣ್ಣಿನ ಬುಟ್ಟಿಗಳು ಹಿಂದೆ ಸರಿದವು. ಕಾಕಾ ಅವುಗಳನ್ನು ಒಂದೊಂದಾಗಿ ಎಣಿಸುತ್ತಿದ್ದ.

“ಚಂದೂ, ನೀ ಹೇಳದೆ ಇರೂ ರೂಲ್ ಇನ್ನೂ ಎಷ್ಟು ಅದಾವ?”

ಮಾಳಿಗೆಯ ಮೇಲಿನ ಟೀಚರ್ ಆಗಿದ್ದರೆ ಏನಾದರೂ ಒಂದು ಹೇಳಿಬಿಡುತ್ತಿದ್ದಳು.

“ನಂಗೂ ಗೊತ್ತಿಲ್ಲ ಕಾಕಾ,” ಎಂದು ಅವನ ಕಡೆ ಸರಿದು ಕೂತಳು.