ಕಣ್ಣ ಕಾಡಿಗೆ

ಕೊಟ್ರೇಶ ಮೈಕು ಹಿಡಿದಾಗ ದಾಕ್ಷಾಯಿಣಿ ಮೊದಲ ಸಾಲಿನಲ್ಲೇ ಕುಳಿತಿದ್ದಳು. ಹೊಸದುರ್ಗದ ಕಲ್ಯಾಣ ಮಂಟಪದಲ್ಲಿ ಅವಳ ಗೆಳತಿ ದೇವಿಕಾಳ ರಿಸೆಪ್ಶನ್. ಬರುವ ಸೋಮವಾರ ದಾಕ್ಷಾಯಿಣಿಗೇ ಹೂ ಮುಡಿಸುವ ಶಾಸ್ತ್ರ, ಹುಡುಗ ಕೊಟ್ರೇಶ.

"ಇದು ನಾನೇ ಬರ್ದಿರೋ ಹಾಡು," ಎಂದವನು ಅವಳೊಬ್ಬಳನ್ನೇ ನೋಡಿ ಹುಬ್ಬು ಕೊಂಚ ಏರಿಸಿದ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

ಸ್ಪೀಕರ್ ಕಿರ್ರೆಂದು ಕೂಗಿತು. ಆಮೇಲೆ ಎಲ್ಲರಿಗೂ ಕೇಳಿಸಿದ್ದು ಇದು:

"ಇನ್ನು ಚಿನ್ನ, ಕಾಡಿಗೆ ನಾ ಹೋಗುವೆ... ಇನ್ನು ಮುನಿಯಾಗಿ ಸುಖಿಯಾಗುವೆ..."

ದಾಕ್ಷಾಯಿಣಿಯ ಬೆರಳು ನಿಂತಿತು. ಹಿಂದೆ ಯಾರೋ ಕಿಸಕ್ಕೆಂದರು. "ಹೂ ಮುಡ್ಸಕ್ಕೆ ಮುಂಚೇನೇ ಓಡಿ ಹೋಗ್ತಾನಂತಲ್ಲೇ!"

ಪಕ್ಕದಲ್ಲಿದ್ದ ತಾಯಿ ವೀರಮ್ಮ ಮೆಲ್ಲಗೆ ಕೇಳಿದರು, "ಮಠ ಸೇರ್ತಾನೇನೇ ಇವ್ನು?" ತಂದೆ ಮುರುಗೇಶಪ್ಪ ಊಟವನ್ನೂ ಮಾಡದೆ ಎದ್ದು ನಡೆದರು.

ಸ್ಟೇಜಿನ ಮೇಲೆ ಕೊಟ್ರೇಶ ಕೀಬೋರ್ಡಿನ ತಾಳಕ್ಕೆ ಕಣ್ಣು ಮುಚ್ಚಿ ಹಾಡುತ್ತಲೇ ಇದ್ದ.

ಮನೆಗೆ ಬಂದವರೇ ಮುರುಗೇಶಪ್ಪ ಹುಡುಗನ ತಂದೆಗೆ ಫೋನ್ ಮಾಡಿದರು. "ಮುನಿ ಆಗೋನಿಗೆ ನಾನು ಮಗಳು ಕೊಡಲ್ಲ ಕಣ್ರಿ. ಸೋಮವಾರ ಯಾರೂ ಬರ್ಬ್ಯಾಡ್ರಿ."

ದಾಕ್ಷಾಯಿಣಿ ತಡೆಯಲಿಲ್ಲ. ಕೊಟ್ರೇಶನ ನಂಬರನ್ನು ಬ್ಲಾಕ್ ಮಾಡಿದಳು. ಬೇಡವಾಗಿದ್ದರೆ ಕಿವಿಯಲ್ಲಿ ಹೇಳಬಹುದಿತ್ತು. ಊರನ್ನೆಲ್ಲ ಕೂರಿಸಿಕೊಂಡು, ಕೀಬೋರ್ಡ್ ಹಾಕಿಸಿಕೊಂಡು ಹೇಳಬೇಕಾ? ಅಳಬೇಕೆನಿಸಿತು, ಸಿಟ್ಟು ಅಳುವುದಕ್ಕೂ ಬಿಡಲಿಲ್ಲ.

ಮರುದಿನ ಅವಳು ಕೆಲಸ ಮಾಡುವ ಮೆಡಿಕಲ್ ಶಾಪಿಗೆ ಕೊಟ್ರೇಶ ಬಂದ. ಹತ್ತಿರದ ಮತ್ತೋಡಿನಲ್ಲಿ ಕುರಿಗಳಿಗೆ ಲಸಿಕೆ ಹಾಕುವುದು ಅವನ ಕೆಲಸ. ರಜೆ ಹಾಕಿ ಬಂದಿದ್ದ. ಕೆಮ್ಮಿನ ಸಿರಪ್ಪಿಗೆ ಕಾಯುತ್ತಿದ್ದ ಪಕ್ಕದ ಮನೆಯ ಸಿದ್ದಕ್ಕ ರಿಸೆಪ್ಶನ್ನಿಗೂ ಬಂದಿದ್ದವಳು. ಅವನನ್ನು ನೋಡಿ, "ಇನ್ನೂ ಕಾಡಿಗೆ ಹೋಗಿಲ್ವೇನಪ್ಪ?" ಎಂದಳು.

"ಯಾವ ಕಾಡು?" ಕೊಟ್ರೇಶ ಬೆಪ್ಪಾದ.

"ನಾಟಕ ಬ್ಯಾಡ." ದಾಕ್ಷಾಯಿಣಿ ಸಿರಪ್ ಬಾಟ್ಲಿಯನ್ನು ಕೌಂಟರಿನ ಮೇಲೆ ಕುಕ್ಕಿದಳು. "ಕಾಡಿಗೆ ನಾ ಹೋಗುವೆ, ಮುನಿಯಾಗಿ ಸುಖಿಯಾಗುವೆ. ನೀನೇ ಹಾಡಿದ್ದು!"

ಅವನ ಮುಖ ಕೆಂಪಾಯಿತು. ನಾಚಿಕೆಯಿಂದಲ್ಲ.

"'ನಿನ್ನ ಕಣ್ಣ ಕಾಡಿಗೆ ನಾನಾಗುವೆ. ನಿನ್ನ ಮುನಿಸಲ್ಲೂ ಸುಖಿಯಾಗುವೆ.' ಹಾಡು ಇದು ಕಣೆ! ಕಣ್ಣಿಗೆ ಹಚ್ಕೊಳ್ಳೋ ಕಾಡಿಗೆ!"

ಸಿದ್ದಕ್ಕ ಬಾಯಿಗೆ ಸೆರಗಿಟ್ಟುಕೊಂಡಳು. ದಾಕ್ಷಾಯಿಣಿಗೂ ನಗು ಉಕ್ಕಿತು, ನುಂಗಿದಳು. "ಆ ಸ್ಪೀಕರ್ರು..."

"ಸ್ಪೀಕರ್ ಕೆಟ್ಟಿತ್ತು, ಒಪ್ತೀನಿ. ನಿನಗೇನಾಗಿತ್ತು? ದಿನಾ ಮಾತಾಡ್ತೀವಿ. ಯಾಕೋ ಹಿಂಗಂದೆ ಅಂತ ಒಂದ್ಸಲ ಕೇಳ್ಬೋದಿತ್ತಲ್ಲ. ಅಂಥ ಮಾತು ನನ್ನ ಬಾಯಲ್ಲಿ ಬರುತ್ತೆ ಅಂತ ಹೆಂಗೆ ನಂಬಿದೆ?"

ಅವಳು ಬಾಟ್ಲಿಯ ಮುಚ್ಚಳ ತಿರುಗಿಸುತ್ತ ಹೇಳಿದಳು.

"ನಿನ್ನೆ ಬಾಳ ಖುಷಿಯಾಗಿದ್ದೆ ಕಣೋ. ಇಷ್ಟು ಖುಷಿ ಉಳಿಯುತ್ತಾ ಅಂತ ಒಳಗೊಳಗೇ ಭಯ ಇತ್ತು. ಅದಕ್ಕೇ, ಕೆಟ್ಟದ್ದು ಕೇಳಿದ ತಕ್ಷಣ ನಂಬಿಬಿಟ್ಟೆ."

ಅವನ ಮುಖ ಸಡಿಲವಾಯಿತು. ಅದನ್ನು ಕಂಡದ್ದೇ ಅವಳ ಸಿಟ್ಟು ಮತ್ತೆ ಏರಿತು.

"ಆದ್ರೂ ನಿಂದೂ ತಪ್ಪೈತೆ! ಮನಸಲ್ಲಿರೋದನ್ನ ಯಾವತ್ತಾದ್ರೂ ನೆಟ್ಟಗೆ ಹೇಳಿದ್ಯಾ? ಊಟ ಆಯ್ತಾ, ಇವತ್ತು ಒಂದು ಕುರಿ ಒದೀತು, ಇಷ್ಟೇ. ಹಾಡಬ್ಯಾಡ. ಹೇಳು."

ಕೊಟ್ರೇಶ ಸಿದ್ದಕ್ಕನ ಕಡೆ ನೋಡಿದ. ಅವಳು ಕದಲುವ ಲಕ್ಷಣವೇ ಇರಲಿಲ್ಲ.

"ನೀನಿಲ್ದೆ ನನ್ನ ಕೈಲಿ ಆಗಲ್ಲ," ಎಂದ. "ನಿನ್ನೆಯಿಂದ ನಿನಗೆ ಫೋನ್ ಹೋಗ್ದೆ ಇದ್ದಾಗ ಗೊತ್ತಾಯ್ತು, ಎಷ್ಟು ಆಗಲ್ಲ ಅಂತ."

ತಡೆದಿದ್ದ ಕಣ್ಣೀರು ಈಗ ಬಂತು.

"ಇಷ್ಟು ಹೇಳಕ್ಕೆ ಕೀಬೋರ್ಡ್ ಬೇಕಿತ್ತಾ ನಿನಗೆ?" ಎಂದು ಗದರುತ್ತಲೇ ಅವಳು ಒಳಗಿದ್ದ ಮಾಲೀಕರಿಗೆ ಹೇಳಿ, ಕೌಂಟರ್ ದಾಟಿ ಬಂದು ಅವನ ಕೈ ಹಿಡಿದಳು. "ಅಪ್ಪನ ಹತ್ರ ಹೋಗಾಣ ನಡಿ. ಅಲ್ಲೂ ಇದನ್ನೇ ಹೇಳು. ಬಿಡಿಸಿ ಬಿಡಿಸಿ ಹೇಳು, ಅಪ್ಪಂಗೆ ಎಡಗಿವಿ ಮಂದ."

ರಸ್ತೆ ದಾಟಿದ ಮೇಲೂ ಅವಳು ಆ ಕೈ ಬಿಡಲಿಲ್ಲ.